ಒಂದು ಹೆಸರಿಗೆ ಎರಡು ಎಲೆ

ನಮ್ಮ ಊರಿನಲ್ಲಿ ಅನ್ನ ಬಡಿಸುವ ಮೊದಲು ಸೌಟನ್ನು ತಡೆದು "ಯಾರಿಗೆ?" ಎಂದು ಕೇಳುವುದು ವಾಡಿಕೆ. ಕೂತವರು "ನನಗೇ" ಅಂದರೆ ಇನ್ನಷ್ಟು ಬೇಕೇ, ಸಾಕೇ ಎಂದು ವಿಚಾರಿಸುತ್ತ ಬಡಿಸುತ್ತೇವೆ. "ನಮ್ಮಣ್ಣನಿಗೆ" ಎಂದೋ "ಮೂಲೆಮನೆ ಅಜ್ಜಿಗೆ" ಎಂದೋ ಅಂದರೆ ಏನೂ ಕೇಳದೆ ಎಲೆ ತುಂಬುತ್ತೇವೆ. ಬೇರೆಯವರ ಹೆಸರಿನಲ್ಲಿ ಉಣ್ಣುವವರಿಗೆ ಸಾಕಾಯಿತೋ ಇಲ್ಲವೋ ತಿಳಿಯುವುದಿಲ್ಲ. ಹೊಟ್ಟೆ ಭಾರವಾಗುತ್ತದೆ, ಹಸಿವು ಮಾತ್ರ ಹಾಗೇ ಇರುತ್ತದೆ, ಉಂಡದ್ದರ ಸತ್ವವೆಲ್ಲ ಹೆಸರಿನವರ ಮೈಗೆ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅಂಥವರಿಗೆ ಗೋಡೆ ಬದಿಯ ಬೆಂಚು. ಅಲ್ಲಿ ಕೂತವರನ್ನು ಯಾರೂ ಮಾತಿಗೆಳೆಯುವುದಿಲ್ಲ. ಬೇರೆ ಊರಿನವರು ದಾರಿಯಲ್ಲಿ ಎದುರಾದರೆ "ಊಟ ಆಯ್ತಾ?" ಅನ್ನುತ್ತಾರಂತೆ. ನಾವು "ಯಾರ ಊಟ ಆಯ್ತು?" ಅನ್ನುತ್ತೇವೆ.

ಕಟ್ಟಳೆಗಳು ಕಡಿಮೆ. ಮೊದಲ ತುತ್ತನ್ನು ಕೈಯಲ್ಲಿ ಹಿಡಿದು ಹೆಸರು ಹೇಳಬೇಕು. ಉಣ್ಣುವವರಿಗೆ ಕೂಲಿ ಕೊಡುವಂತಿಲ್ಲ. ಒಂದು ಹೆಸರಿಗೆ ಎರಡು ಎಲೆ ಹಾಕಬಾರದು. ಹಾಕಿದರೆ ಏನಾಗುತ್ತದೆ ಎಂದು ಯಾವ ಅಜ್ಜಿಯೂ ಬಿಡಿಸಿ ಹೇಳಿರಲಿಲ್ಲ. ಹೊಸ್ತಿಲ ಮೇಲೆ ಕೂರಬಾರದು ಅನ್ನುವ ಹಾಗೆ ಅದೂ ಒಂದು ಮಾತು. ಇನ್ನು, ಎಲ್ಲರ ಊಟ ಎಲ್ಲರ ಮೈಗೆ ಹತ್ತುವುದಿಲ್ಲ. ಯಾರದು ಯಾರಿಗೆ ಹತ್ತುತ್ತದೆ ಅನ್ನುವುದರಲ್ಲಿ ರಕ್ತಸಂಬಂಧವಾಗಲಿ ಪ್ರೀತಿಯಾಗಲಿ ಕೆಲಸಕ್ಕೆ ಬರುವುದಿಲ್ಲ. ಹತ್ತದಿದ್ದರೆ ಉಂಡವರ ಹೊಟ್ಟೆಯೇ ತುಂಬುತ್ತದೆ, ಅಷ್ಟೆ.

ನನ್ನ ಮಗಳು ವೈಜಯಂತಿಗೆ ಹನ್ನೊಂದು ತುಂಬುವ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಶಾಲೆ ತಪ್ಪಿಸುವ ನೆಪ ಅಂದುಕೊಂಡೆ. ಓಮದ ನೀರು ಕುಡಿಸಿದೆ, ದೃಷ್ಟಿ ತೆಗೆದೆ. ದಿನಕ್ಕೆ ಹತ್ತು ಹನ್ನೆರಡು ಸಲ ಹಿತ್ತಲಿಗೆ ಓಡತೊಡಗಿದಳು. ಒಂದು ದಿನ ಅಲ್ಲಿಂದಲೇ ಮೆಲ್ಲಗೆ "ಅಮ್ಮಾ, ರಕ್ತ" ಅಂದಳು. ಕೂಗಲೂ ಇಲ್ಲ, ಎಷ್ಟೋ ದಿನದಿಂದ ನೋಡುತ್ತಿದ್ದವಳು ಈಗ ಹೇಳಿದಳು ಅನ್ನುವುದು ಆ ದನಿಯಲ್ಲೇ ಗೊತ್ತಾಯಿತು. ಬಾಯಲ್ಲಿ ಹುಣ್ಣು, ಮಂಡಿಯಲ್ಲಿ ನೋವು, ಸಂಜೆಯಾದರೆ ಮೈ ಬಿಸಿ. ಏಳನೇ ಕ್ಲಾಸಿನ ಲಂಗಕ್ಕೆ ಸೊಂಟದಲ್ಲಿ ಎರಡು ಪಿನ್ನು ಹಾಕಿ ಎಂಟನೇ ಕ್ಲಾಸಿಗೆ ಕಳಿಸಿದೆ. ಜೊತೆಯ ಹುಡುಗಿಯರು ಉದ್ದವಾದರು. ಇವಳು ನಿಂತಲ್ಲೇ ನಿಂತಳು.

ನಮ್ಮೂರಿನ ತೂಕದ ಆಫೀಸಿನ ಬೋರ್ಡಿನ ಮೇಲೆ ಮೂರು ಸಾಲಿನ ಹೆಸರಿದೆ. ಜೀರ್ಣಾಂಗ, ಪೋಷಣೆ, ದೀರ್ಘಕಾಲದ ಕಾಯಿಲೆ, ಸಂಶೋಧನೆ ಎಲ್ಲವೂ ಅದರಲ್ಲಿ ಬರುತ್ತದೆ. ಒಳಗೆ ಕಾಲಿಟ್ಟ ಕೂಡಲೆ ಮುಳ್ಳಿನ ದೊಡ್ಡ ತೂಕದ ಯಂತ್ರ ಕಾಣುವುದರಿಂದ ಊರಿಗೆ ಅದು ತೂಕದ ಆಫೀಸು. ಅಲ್ಲಿನ ಡಾಕ್ಟರ್ ಇಂದುಧರ ಮೆತ್ತಗಿನ ಮನುಷ್ಯ. ಏನನ್ನೇ ಆದರೂ ಮೊದಲು ಪೆನ್ಸಿಲಿನಲ್ಲಿ ಬರೆದು, ಖಾತ್ರಿಯಾದ ಮೇಲೆ ಅದರ ಮೇಲೆ ಇಂಕು ಎಳೆಯುವವರು. ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ನನ್ನನ್ನು ಕೂರಿಸಿ ಹೇಳಿದರು: "ಇದು ಕರುಳಿನ ಉರಿಯೂತ, ಅಮ್ಮಾ. ಮೈಯನ್ನ ಕಾಯ್ಬೇಕಾದ ಶಕ್ತೀನೇ ಕರುಳಿನ ಮೇಲೆ ತಿರುಗಿ ಬಿದ್ದಿದೆ. ಹುಣ್ಣಾದ ಕರುಳು ಊಟಾನ ಸರಿಯಾಗಿ ಹೀರ್ಕೊಳ್ಳಲ್ಲ. ಹೀರ್ಕೊಂಡಿದ್ದನ್ನೂ ಆ ಉರೀನೇ ಖರ್ಚು ಮಾಡಿಬಿಡುತ್ತೆ."

"ಹಾಗಾದ್ರೆ ನಾನೇನು ಮಾಡಿಕೊಡ್ಲಿ ಅವಳಿಗೆ?"

"ಉರಿ ತಗ್ಗೋಕೆ ಮಾತ್ರೆ ಕೊಡ್ತೀನಿ. ಬಾಯಿಗೆ ಸೋಸಿದ ಗಂಜಿ, ನಾವು ಕೊಡೋ ಪುಡಿ ಕದಡಿದ ನೀರು, ಅಷ್ಟೇ. ಕರುಳಿಗೆ ಸ್ವಲ್ಪ ರಜ ಬೇಕು. ಬೆಳೆಯೋಕೆ ಬೇಕಾದ ಊಟಾನ ಬೇರೆ ಯಾರಾದ್ರೂ ಉಣ್ಬೇಕು."

ಬೇರೆ ಯಾರಾದರೂ ಅಂದದ್ದು ಕೇಳಿ ನನಗೆ ನಗು ಬಂದಿತ್ತು. ಹೆತ್ತವಳು ಇಲ್ಲೇ ಕೂತಿದ್ದೇನಲ್ಲ.

ಇಪ್ಪತ್ತಾರು ದಿನ ಮಗಳ ಹೆಸರು ಹೇಳಿ ಉಂಡೆ. ಹೆಸರುಬೇಳೆ, ಸೊಪ್ಪು, ಮೊಟ್ಟೆ, ಬೆಣ್ಣೆ ಎಂದು ಡಾಕ್ಟರು ಬರೆದುಕೊಟ್ಟ ಪಟ್ಟಿಯಲ್ಲಿ ಒಂದನ್ನೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ತೂಕದ ಆಫೀಸಿಗೆ ಕರೆದುಕೊಂಡು ಹೋದರೆ ಮುಳ್ಳು ಇಪ್ಪತ್ತಾರು ಕೆಜಿಯ ಮೇಲೆಯೇ ನಿಂತಿರುತ್ತಿತ್ತು. ನನ್ನ ಹೊಟ್ಟೆ ಮಾತ್ರ ತುಂಬುತ್ತಿತ್ತು. ತೇಗು ಬಂದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ, ಕದ್ದು ತಿಂದವಳ ಹಾಗೆ. ನಮ್ಮವರು ಉಂಡರು, ಇಲ್ಲ. ನನ್ನ ತಂಗಿ ಬಂದು ಉಂಡಳು, ಇಲ್ಲ. ಆಮೇಲೆ ಡಾಕ್ಟರು ಊರಿನವರನ್ನು ಸರದಿಯಲ್ಲಿ ಕರೆಸಿದರು. ಶಾಲೆಯ ಡ್ರಿಲ್ ಮೇಷ್ಟ್ರು, ಹೂವಿನ ಅಂಗಡಿಯವರು, ನಮ್ಮ ಮನೆಗೆ ಹಾಲು ಹಾಕುವ ಪುಟ್ಟಸ್ವಾಮಿ, ಹೀಗೆ ಅರವತ್ತೆಂಟು ಜನ ಒಂದೊಂದು ಹೊತ್ತು ಉಂಡು ಹೋದರು. ಅರವತ್ತೊಂಬತ್ತನೆಯವಳು ದೇವೀರಮ್ಮ. ಅವಳು ಉಂಡ ಮರುದಿನ ಬೆಳಿಗ್ಗೆ ಮುಳ್ಳು ಇನ್ನೂರು ಗ್ರಾಂ ಮುಂದೆ ನಿಂತಿತ್ತು. ಡಾಕ್ಟರು ಮೂರು ಸಲ ತೂಗಿ, ಪೆನ್ಸಿಲ್ ಕೆಳಗಿಟ್ಟು, ನೇರ ಇಂಕಿನಲ್ಲಿ ಬರೆದರು.

ದೇವೀರಮ್ಮನನ್ನು ನಾನು ಬಲ್ಲೆ. ನಮ್ಮ ಬೀದಿಯ ತಿರುವಿನಲ್ಲಿ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿರುವವಳು. ಒಣಗಿದ ನುಗ್ಗೆಕಾಯಿಯ ಹಾಗಿನ ಮೈ, ಮಾತು ಮಾತ್ರ ಎರಡು ಬೀದಿಗೆ ಕೇಳಬೇಕು. ಹಾಸಿಗೆ ಹಿಡಿದ ಅತ್ತೆಯ ಹೆಸರಿನಲ್ಲಿ ಹನ್ನೊಂದು ವರ್ಷ ದಿನಕ್ಕೆರಡು ಹೊತ್ತು ಉಂಡವಳು ಎಂದು ಬೀದಿಯವರು ಹೇಳುತ್ತಿದ್ದರು. ಹಿಂದೊಮ್ಮೆ ಯಾರೊಂದಿಗೋ ಮಾತಾಡುತ್ತ ನನ್ನ ಹಸಿರು ಕುಪ್ಪಸದ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತು, ಬೆನ್ನಿನ ಮೇಲೆ ದೋಸೆಯಷ್ಟು ಕಂದು ಮಚ್ಚೆ ಮಾಡಿದ್ದಳು. ಅಂದಿನಿಂದ ನಾನು ಬಟ್ಟೆ ಕೊಟ್ಟಿರಲಿಲ್ಲ. ನನ್ನ ಮಗಳ ಮೈಗೆ ಹತ್ತಿದ್ದು ಅವಳ ಊಟ.

ಗಣೇಶನ ಹಬ್ಬ ಕಳೆದ ಮೇಲೆ ಅವಳು ನಮ್ಮ ಮನೆಗೆ ಮಧ್ಯಾಹ್ನಕ್ಕೂ ಸಂಜೆಗೂ ಉಣ್ಣಲು ಬರತೊಡಗಿದಳು. ನಡುಮನೆಯಲ್ಲಿ ಮಣೆ ಹಾಕುತ್ತಿದ್ದೆ. ಅವಳು ಕೂತು, ಮೊದಲ ತುತ್ತು ಹಿಡಿದು, "ನಮ್ ವೈಜಯಂತಿ ಪುಟ್ಟಿಗೆ" ಅನ್ನುತ್ತಿದ್ದಳು. ಆ "ನಮ್" ನನ್ನ ಕಿವಿಗೆ ಮೆಣಸಿನ ಹೊಗೆಯ ಹಾಗೆ ಬಡಿಯುತ್ತಿತ್ತು. ಹೆಸರಿಗೆ ಹೆಸರು ಸಾಲದೇ?

ಬಡಿಸುವಾಗ ನನ್ನ ಕೈ ಹಿಡಿತವಾಗಿದ್ದರೆ ಅದು ಮಗಳಿಗೇ ಕಡಿಮೆ. ಸಿಟ್ಟಿನಲ್ಲಿ ಹುಳಿಗೆ ನೀರು ಹೆಚ್ಚು ಮಾಡುವಂತಿರಲಿಲ್ಲ, ಪಲ್ಯಕ್ಕೆ ಎಣ್ಣೆ ಕಡಿಮೆ ಮಾಡುವಂತಿರಲಿಲ್ಲ. ಹೊಟ್ಟೆಕಿಚ್ಚನ್ನೂ ತುಪ್ಪ ಹಾಕಿಯೇ ಬಡಿಸಬೇಕಿತ್ತು. ಅವಳು ಕರಿಬೇವನ್ನು ಒಂದೊಂದಾಗಿ ಆಯ್ದು ಎಲೆಯ ಅಂಚಿಗೆ ಸಾಲಾಗಿ ಇಡುವುದನ್ನು, ಸಾರನ್ನು ಸೊರ್ ಎಂದು ಎಳೆಯುವುದನ್ನು ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಈ ಬಾಯಿ ಹತ್ತಿತು, ನನ್ನ ಬಾಯಿ ಹತ್ತಲಿಲ್ಲ.

ಅದಕ್ಕಿಂತ ಕಷ್ಟದ್ದು ಅವಳ ಮಾತು. ಎಷ್ಟೋ ತಿಂಗಳಿಂದ ನಾನು ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಮುಚ್ಚುತ್ತಿದ್ದೆ, ಗಂಜಿ ಕುಡಿಯುವ ಮಗುವಿಗೆ ವಾಸನೆ ಹೋಗಿ ಆಸೆಯಾಗದಿರಲಿ ಎಂದು. ದೇವೀರಮ್ಮ ವೈಜುವನ್ನು ಎದುರಿಗೇ ಕೂರಿಸಿಕೊಂಡಳು. "ಇಲ್ ಕೇಳು ಪುಟ್ಟಿ, ಬದನೆಕಾಯಿ ಬೆಣ್ಣೆ ಹಂಗೆ ಬೆಂದೈತೆ. ನಿಮ್ಮಮ್ಮ ಕೊಬ್ಬರಿ ಹುರಿದು ಹಾಕವ್ರೆ. ಈಗ ತೊಟ್ಟು ಕಚ್ತೀನಿ... ಅಯ್ಯಯ್ಯೋ, ಮೆಣಸಿನಕಾಯಿ ಸಿಕ್ತು, ಕಣ್ಣಲ್ಲಿ ನೀರು ಬಂತು ನೋಡು."

"ನಂಗಾಗಿ ಅಳ್ತಿದ್ದೀರಾ ದೇವೀರಕ್ಕ?" ಎಂದು ವೈಜು ನಗುತ್ತಿದ್ದಳು.

"ಉಣ್ಣೋದು ನಿಂಗೆ, ಖಾರ ನಂಗೆ. ಇದ್ಯಾವ ನ್ಯಾಯ ಹೇಳು."

ಮಗಳ ನಗು ಕೇಳಿ ಎಷ್ಟು ದಿನವಾಗಿತ್ತು. ಒಳಗೆ ಪಾತ್ರೆ ತಿಕ್ಕುತ್ತಿದ್ದ ನಾನು ಕೈ ನಿಲ್ಲಿಸಿ ಕೇಳುತ್ತಿದ್ದೆ. ಖುಷಿಯಾಗುತ್ತಿತ್ತು, ಆ ಖುಷಿಯ ಬೆನ್ನಿಗೇ ಇನ್ನೊಂದು ಬರುತ್ತಿತ್ತು. ಪಕ್ಕದ ಮನೆಯ ನಾಗಲಾಂಬಿಕೆ ಒಂದು ದಿನ ಕಾಂಪೌಂಡಿನ ಆಚೆಯಿಂದ, "ಏನ್ ಪದ್ದು, ಮಗು ಈಗ ಥೇಟ್ ದೇವೀರಿ ಹಾಗೇ ತಲೆ ಹಿಂದೆ ಹಾಕಿ ನಗುತ್ತೆ" ಅಂದರು. ಅವರಿಗೆ ಕೊಡಲೆಂದು ತಂದಿದ್ದ ನಿಂಬೆಹಣ್ಣನ್ನು ಕೊಡದೆ ಒಳಗೆ ಬಂದೆ.

ದೀಪಾವಳಿಯ ಹೊತ್ತಿಗೆ ವೈಜು ಮೂವತ್ತು ಕೆಜಿ ನಾನೂರು ಗ್ರಾಂ ಆದಳು. ಹಿತ್ತಲಿಗೆ ಹೋಗುವುದು ದಿನಕ್ಕೆ ನಾಲ್ಕು ಸಲಕ್ಕೆ ಇಳಿಯಿತು. ಲಂಗದ ಒಂದು ಪಿನ್ನು ತೆಗೆದೆ. ಡಾಕ್ಟರು ಚಿತ್ರ ಬರೆದು ತೋರಿಸಿದರು: ಕರುಳಿನಲ್ಲಿ ಒಂದು ಗೇಣಿನಷ್ಟು ಜಾಗ ಹುಣ್ಣು ಮಾಗಿ ಮಾಗಿ ಕಿರಿದಾಗಿದೆ, ಅದನ್ನು ಕತ್ತರಿಸಿ ಜೋಡಿಸಬೇಕು. "ಮೂವತ್ತೆರಡು ಕೆಜಿ ಆದ್ರೆ ಆಪರೇಷನ್ ತಡ್ಕೋತಾಳೆ. ಅದಕ್ಕಿಂತ ಕಮ್ಮಿ ಇದ್ರೆ ಹೊಲಿಗೆ ಕೂಡೋದು ಕಷ್ಟ. ತುಂಬಾ ದಿನ ಬಿಡೋ ಹಾಗೂ ಇಲ್ಲ, ಪೂರ್ತಿ ಮುಚ್ಚಿಕೊಂಡ್ರೆ ಅಪಾಯ. ಕಾರ್ತಿಕ ಮುಗಿಯೋದ್ರೊಳಗೆ ನೋಡೋಣ." ಇನ್ನು ಒಂದು ಕೆಜಿ ಆರುನೂರು ಗ್ರಾಂ. ದೇವೀರಮ್ಮ ಬೆರಳು ಮಡಿಸಿ, "ಮೂರು ವಾರ ಸಾಕು ಸ್ವಾಮಿ" ಅಂದಳು, ತನ್ನ ಹೊಲದ ಬೆಳೆಯ ಮಾತಾಡುವ ಹಾಗೆ.

ತೂಕದ ಆಫೀಸಿನವರು ಒಂದು ಪುಸ್ತಕ ಕೊಟ್ಟಿದ್ದರು. ಏನು ಉಂಡರು, ಎಷ್ಟು ಉಂಡರು, ಯಾರು ಉಂಡರು ಎಂದು ದಿನವೂ ತುಂಬಿಸಬೇಕು. ದೇವೀರಮ್ಮನಿಗೆ ಬರೆಯಲು ಬಾರದು. ವೈಜುವೇ ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ, ಹಾಸಿಗೆಯ ಪಕ್ಕದ ಗಂಜಿ ಲೋಟ ತೆಗೆಯಲು ಹೋದವಳು ತೆರೆದಿದ್ದ ಪುಟ ನೋಡಿದೆ. ಹೊಸ ತಿಂಗಳ ಹಾಳೆ. ಮೇಲ್ಗಡೆ "ಉಣ್ಣುವವರ ಹೆಸರು: ದೇವೀರಮ್ಮ". ಅದರ ಕೆಳಗೆ "ರೋಗಿಗೆ ಏನಾಗಬೇಕು:" ಎಂದು ಅಚ್ಚಾಗಿತ್ತು. ಅದರ ಮುಂದೆ ನನ್ನ ಮಗಳ ದುಂಡು ಅಕ್ಷರದಲ್ಲಿ "ಅಮ್ಮನ ಹಾಗೆ".

ಅಡುಗೆಮನೆಗೆ ಬಂದು ನಿಂತೆ. ನಡುಮನೆಯಲ್ಲಿ ಆಗ ತಾನೇ ಉಂಡೆದ್ದ ದೇವೀರಮ್ಮ ಮಣೆ ಎತ್ತಿಡುತ್ತಿದ್ದಳು. ಪಾತ್ರೆಯ ತಳದಲ್ಲಿ ಎರಡು ಹಿಡಿ ಅನ್ನ ಉಳಿದಿತ್ತು. ಹುಳಿಯ ಪಾತ್ರೆಯನ್ನು ಅದರ ಮೇಲೆ ಬಗ್ಗಿಸಿ ಕಲಸಿದೆ. ತುತ್ತು ಹಿಡಿದು, ತುಟಿ ಮಾತ್ರ ಆಡಿಸಿ, "ವೈಜಯಂತಿಗೆ" ಅಂದೆ. ಒಂದು ಹೆಸರಿಗೆ ಎರಡು ಎಲೆ ಹಾಕಬಾರದು ಅನ್ನುವುದು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ನನ್ನದು ಹೇಗೂ ಹತ್ತುವುದಿಲ್ಲ, ಹತ್ತದ ಊಟದಿಂದ ಯಾರಿಗೇನು ಕೆಡುಕು ಎಂದುಕೊಂಡೆ. ಅದರ ಕೆಳಗೆ ಇನ್ನೊಂದು ಯೋಚನೆಯೂ ಇತ್ತು: ಈಗ ಅವಳ ಕರುಳು ಸ್ವಲ್ಪ ಮಾಗಿದೆ, ಈಗಲಾದರೂ ನನ್ನದು ಹತ್ತಬಹುದು.

ಮರುದಿನ ಮುಳ್ಳು ನೂರು ಗ್ರಾಂ ಏರಿತ್ತು. ಹಿಂದಿನ ಬೆಳಿಗ್ಗೆಯಿಂದ ಅವಳು ಗಂಜಿ ಹೆಚ್ಚು ಕುಡಿದಿದ್ದಳು, ಅದೇ ಕಾರಣವಿರಬೇಕು. ನಾನು ಹಾಗೆ ನೋಡಲಿಲ್ಲ. ಆ ನೂರು ಗ್ರಾಂ ನನ್ನದು ಅಂದುಕೊಂಡೆ. ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡು ಬಂದೆ. ಅಂದಿನಿಂದ ದೇವೀರಮ್ಮ ನಡುಮನೆಯಲ್ಲಿ ಕೂತಾಗಲೆಲ್ಲ ನಾನು ಒಲೆಯ ಬಳಿ ನಿಂತುಕೊಂಡೇ ಉಣ್ಣತೊಡಗಿದೆ.

ಆಮೇಲೆ ಮುಳ್ಳು ಇಳಿಯಿತು. ಮೂವತ್ತಕ್ಕೆ ಬಂತು, ಇಪ್ಪತ್ತೊಂಬತ್ತೂವರೆಗೆ ಬಂತು. ವೈಜುವಿನ ಕೆನ್ನೆಯ ಮೂಳೆ ಮತ್ತೆ ಕಂಡಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಉರಿ ಹೆಚ್ಚಾಗಿಲ್ಲ. ಮಾತ್ರೆ ಬದಲಿಸಿದರು, ಬೇಳೆ ಬದಲಿಸಿದರು, ಹಾಲು ನಿಲ್ಲಿಸಿದರು, ಮತ್ತೆ ಶುರು ಮಾಡಿದರು. "ಏನೋ ಒಂದು ನನಗೆ ಕಾಣ್ತಾ ಇಲ್ಲ" ಎಂದು ಪೆನ್ಸಿಲಿನ ತುದಿಯಿಂದ ಹಣೆ ಒತ್ತಿಕೊಂಡರು. ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ತೆರೆಯಬಹುದಿತ್ತು. ಅಂಥ ದಿನಗಳಲ್ಲೂ ನನ್ನ ಕಣ್ಣು ಎಲ್ಲಿತ್ತು ಅಂದರೆ, ದೇವೀರಮ್ಮನ ತೋಳಿನ ಮೇಲೆ. ತೋಳು ದುಂಡಗಾಗಿತ್ತು. ಕುಪ್ಪಸದ ಅಂಚು ಅವಳ ಚರ್ಮದಲ್ಲಿ ಗೆರೆ ಎಳೆದಿತ್ತು. ವೈಜುವಿನೊಂದಿಗೆ ಮೊದಲಿನ ಹಾಗೆ ಊಟದ ಕಥೆ ಹೇಳುವುದನ್ನೂ ಬಿಟ್ಟಿದ್ದಳು. ತಲೆ ತಗ್ಗಿಸಿ, ಬೇಗ ಬೇಗ ಉಂಡು ಏಳುತ್ತಿದ್ದಳು. ನನಗೆ ಸಿಕ್ಕಿಬಿಟ್ಟಿತು ಅನ್ನಿಸಿತು. ಇವಳು ಬಾಯಲ್ಲಿ ಮಗಳ ಹೆಸರು ಹೇಳಿ ಮನಸ್ಸಿನಲ್ಲಿ ತನ್ನದೇ ಹೇಳುತ್ತಿದ್ದಾಳೆ.

"ದೇವೀರಿ, ನಮ್ಮನೆ ಊಟ ನಿನ್ನ ಮೈಗೆ ಚೆನ್ನಾಗಿ ಹತ್ತಿದೆ" ಎಂದು ಒಂದು ಮಧ್ಯಾಹ್ನ ಅಂದೇಬಿಟ್ಟೆ.

ಅವಳು ತುತ್ತನ್ನು ಎಲೆಗೆ ಇಳಿಸಿದಳು. "ಊಂ ಅಕ್ಕಾ" ಅಂದಳು, ಅಷ್ಟೇ. ನಾನು ಜಗಳ ಬಯಸಿದ್ದೆ. ಆ "ಊಂ" ಇಟ್ಟುಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ. ಆದರೂ ಮರುದಿನವೇ ಡಾಕ್ಟರಿಗೆ ಹೇಳಿದೆ: "ಉಣ್ಣುವವರನ್ನೂ ಒಂದ್ಸಲ ತೂಕ ಹಾಕಿ ನೋಡಿ."

ಡಾಕ್ಟರು ಅವಳನ್ನು ಕರೆಸಿದರು. ವೈಜು ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ಕೂತಿದ್ದಳು. ಅಂದು ಅವಳ ತೂಕ ಇಪ್ಪತ್ತೊಂಬತ್ತಕ್ಕೆ ನೂರು ಗ್ರಾಂ ಕಡಿಮೆ. ದೇವೀರಮ್ಮ ಚಪ್ಪಲಿ ಬಿಟ್ಟು ಯಂತ್ರದ ಮೇಲೆ ನಿಂತಳು. ಹಳೆಯ ಪುಟ ತಿರುವಿ ಡಾಕ್ಟರು, "ಪರೀಕ್ಷೆಗೆ ಬಂದ ದಿನಕ್ಕಿಂತ ಎರಡೂವರೆ ಕೆಜಿ ಜಾಸ್ತಿ ಆಗಿದ್ದೀರಿ, ಈ ಮೂರು ವಾರದಲ್ಲೇ ಇರ್ಬೇಕು. ಯಾರ ಹೆಸರು ಹೇಳಿ ಉಣ್ತೀರಮ್ಮ? ಬೈಯಲ್ಲ, ನಿಜ ಹೇಳಿ" ಅಂದರು.

"ಮಗಾ ಹೆಸ್ರೇ ಹೇಳ್ತೀನಿ ಸ್ವಾಮಿ. ಒಂದ್ ಹೊತ್ತೂ ತಪ್ಪಿಲ್ಲ. ಆದ್ರೆ ಹೋಗ್ತಾ ಇಲ್ಲ ಅಂತ ನಂಗೆ ಗೊತ್ತಾಯ್ತು. ಹೊಟ್ಟೆ ತುಂಬಕ್ಕೆ ಶುರುವಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಯಂತ್ರದಿಂದ ಇಳಿಯದೆ, ಮುಳ್ಳನ್ನೇ ನೋಡುತ್ತ ನಿಂತಿದ್ದಳು. "ಅತ್ತೆಗೆ ಹನ್ನೊಂದು ವರ್ಷ ಉಂಡೆ. ಬೆಳಿಗ್ಗೆ ಒಂದು ಮುದ್ದೆ ನಂಗೆ, ಮಿಕ್ಕಿದ್ದೆಲ್ಲ ಅವರ್ಗೆ. ಅವ್ರು ಹೋದ್ಮೇಲೆ ಒಬ್ಳಿಗೇ ಒಲೆ ಹಚ್ಚೋದು ಯಾಕೆ ಅಂತ ಅದೇ ಅಭ್ಯಾಸ ಆಗೋಯ್ತು. ಹೊಟ್ಟೆ ತುಂಬೋದು ಅಂದ್ರೆ ಹೆಂಗಿರ್ತದೆ ಅಂತಾನೇ ಮರ್ತಿದ್ದೆ. ತುಂಬ್ತು. ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಬಾಯಿ ಬರ್ಲಿಲ್ಲ. ತಪ್ಪಾಯ್ತು ಪುಟ್ಟಿ."

ಕೊನೆಯ ಮಾತು ವೈಜುವಿಗೆ. ವೈಜು ಅವಳನ್ನು ನೋಡಿದಳು.

ಡಾಕ್ಟರು ಪೆನ್ಸಿಲನ್ನು ಹೊರಳಿಸಿದರು. "ಹತ್ತುತ್ತಿದ್ದ ಊಟ ಇದ್ದಕ್ಕಿದ್ದ ಹಾಗೆ ವಾಪಸ್ ಬಂದಿದೆ" ಎಂದು ತಮಗೇ ಹೇಳಿಕೊಂಡರು. "ಒಂದು ಹೆಸರಿಗೆ ಎರಡು ಎಲೆ ಅಂತಾರಲ್ಲ... ಯಾರಾದ್ರೂ ಇನ್ನೊಂದು ಎಲೆ ಹಾಕಿದ್ರೆ ಎರಡೂ ಎಲೆಯದ್ದು ಉಂಡವರಿಗೇ ತಿರುಗಿ ಬರಬಹುದೇನೋ." ತಲೆ ಎತ್ತಿದರು. "ಮನೇಲಿ ಬೇರೆ ಯಾರಾದ್ರೂ ಮಗು ಹೆಸರಲ್ಲಿ ಉಣ್ತಿದ್ದಾರಾ?"

ದೇವೀರಮ್ಮ ನೆಲ ನೋಡಿದಳು. ಅವಳು ನೆಲ ನೋಡಿದ ರೀತಿಯಲ್ಲೇ ನನಗೆ ತಿಳಿಯಿತು: ಒಲೆಯ ಬಳಿ ನಿಂತು ಉಣ್ಣುವವಳ ಬಳೆಯ ಸದ್ದು ನಡುಮನೆಗೆ ಕೇಳುತ್ತದೆ. ಅವಳಿಗೆ ಎಲ್ಲ ಗೊತ್ತಿತ್ತು. ಹೇಳುವುದಿಲ್ಲ ಅನ್ನುವುದೂ ಗೊತ್ತಾಯಿತು. ಅಷ್ಟು ಹೊತ್ತು ಅವಳ ಮೇಲೆ ನನಗಿದ್ದ ಸಿಟ್ಟು ಎಲ್ಲ ಹೋಗಿ, ಅವಳು ಬಾಯಿ ಮುಚ್ಚಿಕೊಂಡಿದ್ದಕ್ಕೆ ಹೊಸ ಸಿಟ್ಟು ಬಂತು. ಇದರಲ್ಲೂ ಅವಳೇ ಒಳ್ಳೆಯವಳಾಗಬೇಕೇ?

ಎದ್ದು ಹೋಗಿ, ಅವಳು ಇಳಿದ ಯಂತ್ರದ ಮೇಲೆ ನಾನು ನಿಂತೆ. ನನ್ನ ಇಪ್ಪತ್ತಾರು ದಿನದ ಪರೀಕ್ಷೆಯ ಕಾಲದ ತೂಕ ಅವರ ಪುಸ್ತಕದಲ್ಲಿತ್ತು, ಐವತ್ತೊಂದು. ಮುಳ್ಳು ಐವತ್ನಾಲ್ಕಕ್ಕೆ ಹೋಗಿ ಅಲ್ಲಾಡಿ ನಿಂತಿತು. ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ವೈಜು ನನ್ನ ಕೈ ಹಿಡಿಯಲಿಲ್ಲ. ಗೇಟಿನ ಹತ್ತಿರ ಉಸಿರು ತೆಗೆದುಕೊಳ್ಳಲು ನಿಂತಳು. "ನಿಂದು ನಂಗೆ ಹತ್ತಲ್ಲ ಅಂತ ಗೊತ್ತಿತ್ತಲ್ಲಮ್ಮ."

"ಗೊತ್ತಿತ್ತು."

"ಮತ್ತೆ?"

"ಪುಸ್ತಕದಲ್ಲಿ ನೀನು ಬರೆದಿದ್ದು ನೋಡ್ದೆ. ಅಮ್ಮನ ಹಾಗೆ ಅಂತ."

ಅವಳು ನನ್ನನ್ನೇ ನೋಡಿದಳು, ಡಾಕ್ಟರು ಪರೀಕ್ಷೆಯ ಕಾಗದ ನೋಡುವ ಹಾಗೆ. "ಇನ್ನೇನಂತ ಬರೀಲಿ? ಇಸ್ತ್ರಿಯವರು ಅಂತ ಬರೀಲಾ? ದಿನಾ ಬಂದು ನಂಗೋಸ್ಕರ ಹಸ್ಕೊಂಡ್ ಹೋಗ್ತಾರೆ. ನೀನೂ ಹಾಗೇ ತಾನೇ. ಅದಕ್ಕೇ ಬರ್ದೆ." ಗೇಟು ತಳ್ಳಿಕೊಂಡು ಒಳಗೆ ಹೋದಳು. ಮೂರು ದಿನ ನನ್ನ ಕೈಯಿಂದ ಗಂಜಿ ಲೋಟ ತೆಗೆದುಕೊಳ್ಳಲಿಲ್ಲ. ಮೇಜಿನ ಮೇಲೆ ಇಟ್ಟು ಬಂದರೆ ಕುಡಿಯುತ್ತಿದ್ದಳು.

ಅಂದು ಸಂಜೆಯ ಊಟಕ್ಕೆ ದೇವೀರಮ್ಮ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಹೊಂಗೆಮರದ ಹತ್ತಿರ ಹೋದೆ. ಅವಳು ಪಂಚೆಯೊಂದಕ್ಕೆ ನೀರು ಚಿಮುಕಿಸುತ್ತಿದ್ದಳು. ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ಚೀಲದಿಂದ ಎರಡು ಸೀರೆ ತೆಗೆದು ಗಾಡಿಯ ಮೇಲಿಟ್ಟೆ.

"ಕುಪ್ಪಸ ತರ್ಲಿಲ್ವಾ ಅಕ್ಕಾ?" ಅಂದಳು.

"ಕುಪ್ಪಸ ಕೊಡೋಷ್ಟು ನಂಬಿಕೆ ಇನ್ನೂ ಬಂದಿಲ್ಲ."

ಅವಳು ತಲೆ ಹಿಂದೆ ಹಾಕಿ ನಕ್ಕಳು. ಹೌದು, ವೈಜು ಹಾಗೇ ನಗುತ್ತಾಳೆ. "ಮಧ್ಯಾಹ್ನಕ್ಕೆ ಬರ್ತೀನಿ ಬಿಡಿ. ನೀವು ಬರ್ದೇ ಇದ್ರೂ ಬರ್ತಿದ್ದೆ. ನೆನ್ನೆ ಮುಖ ತೋರ್ಸಕ್ಕೆ ಆಗ್ಲಿಲ್ಲ, ಅಷ್ಟೇ." ಕೆಂಡದ ಪೆಟ್ಟಿಗೆಯನ್ನು ಎತ್ತಿ ಊದಿದಳು. "ಒಂದ್ ಮಾತು ಕೇಳ್ತೀನಿ, ಬೈಬ್ಯಾಡಿ. ಆ ಮೂರು ವಾರ ಚೆನ್ನಾಗಿತ್ತು ಅಂದ್ರೆ ಪಾಪ ಬರ್ತದಾ?"

ಸೀರೆ ಸಂಜೆಗೆ ಬೇಕು ಎಂದು ಹೇಳಿ ಬಂದುಬಿಟ್ಟೆ.

ಕಾರ್ತಿಕ ಮುಗಿದುಹೋಗಿತ್ತು. ಡಾಕ್ಟರು ಸಂಕ್ರಾಂತಿಯ ಆಚೆಗೆ ಹೊಸ ದಿನ ಹಾಕಿದರು. ನಡುವೆ ಒಂದು ವಾರ ವೈಜುವಿನ ಹೊಟ್ಟೆ ಕಟ್ಟಿಕೊಂಡು ವಾಂತಿಯಾಗಿ, ಇನ್ನು ಕಾಯಲಾಗದೇನೋ ಎಂದು ನಾವೆಲ್ಲ ಹೆದರಿದೆವು. ಆ ಒಂದು ವಾರ ನಾನು ಒಲೆಯ ಕಡೆ ನೋಡಿದಾಗಲೆಲ್ಲ ನಾನು ನಿಂತು ಉಂಡ ಜಾಗ ಕಾಣುತ್ತಿತ್ತು. ನಂತರ ಸರಿಹೋಯಿತು. ನಡುಮನೆಯಲ್ಲಿ ಮತ್ತೆ ಬದನೆಕಾಯಿಯ ಕಥೆ, ಮೆಣಸಿನಕಾಯಿಯ ಕಥೆ ಕೇಳಿತು. ನಾನು ಆ ಹೊತ್ತಿಗೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುತ್ತಿದ್ದೆ, ಬೇಕೆಂದೇ, ಬಳೆಯ ಸದ್ದು ಅಲ್ಲಿಂದ ಬರುತ್ತಿದೆ ಎಂದು ದೇವೀರಮ್ಮನಿಗೆ ತಿಳಿಯಲಿ ಎಂದು.

ಸಂಕ್ರಾಂತಿ ಕಳೆದು ಎಂಟನೆಯ ದಿನ ಮುಳ್ಳು ಮೂವತ್ತೆರಡನ್ನು ದಾಟಿ ನೂರು ಗ್ರಾಂ ಮುಂದೆ ನಿಂತಿತು. ಡಾಕ್ಟರು ಇಂಕಿನಲ್ಲಿ ಬರೆದು, "ಗುರುವಾರ ಆಪರೇಷನ್" ಅಂದರು. ವೈಜು ನನ್ನ ಕೈ ಹಿಡಿದಳು. ಅಷ್ಟರಲ್ಲಿ ಡಾಕ್ಟರು ದೇವೀರಮ್ಮನನ್ನೂ ಯಂತ್ರದ ಮೇಲೆ ನಿಲ್ಲಿಸಿದರು. ಈಗ ಪುಸ್ತಕದಲ್ಲಿ ಅವಳಿಗೂ ಒಂದು ಕಾಲಂ ಇತ್ತು. ಮಗಳು ಏರಿದ ಸಾಲಿನ ಪಕ್ಕದಲ್ಲೇ ಅವಳು ಇಳಿದ ಸಾಲು. ಮೂವತ್ತೇಳೂವರೆ. ಅವರಿಬ್ಬರನ್ನೂ ಹೊರಗೆ ಕಳಿಸಿ ಡಾಕ್ಟರು ನನಗೆ ಹೇಳಿದರು, "ಆಪರೇಷನ್ ಆದ್ಮೇಲೂ ಎರಡು ತಿಂಗಳು ಇವರು ಉಣ್ಬೇಕು. ಇಷ್ಟು ದಿನ ನಾವು ರೋಗಿಯನ್ನು ಮಾತ್ರ ತೂಗ್ತಿದ್ವಿ, ಉಣ್ಣುವವರನ್ನ ಪರೀಕ್ಷೆ ದಿನ ಬಿಟ್ರೆ ತೂಗೇ ಇರ್ಲಿಲ್ಲ. ನಮ್ಮದೇ ತಪ್ಪು. ಇವರು ಬಿದ್ರೆ ಮಗುಗೆ ಯಾರು?"

ನಾನು ಸೆರಗಿನ ತುದಿ ಸುತ್ತುತ್ತ ಕೂತಿದ್ದೆ. "ನಾನು ದೇವೀರಿ ಹೆಸರಲ್ಲಿ ಉಂಡ್ರೆ?" ಅಂದೆ. ಈ ಸಲ ಕೇಳಿಯೇ ಮಾಡಬೇಕು ಎಂದು ತೀರ್ಮಾನಿಸಿದ್ದೆ.

ಪೆನ್ಸಿಲು ನಿಂತಿತು. "ಉಣ್ಣುವವರಿಗೆ ಇನ್ನೊಬ್ಬರು ಉಣ್ಣೋದು... ಅದನ್ನ ಯಾರೂ ನೋಡಿಲ್ಲ. ಹೆಸರು ಬೇರೆ, ಎಲೆ ಬೇರೆ, ಮಗುಗೆ ತೊಂದರೆ ಆಗಬಾರದು. ಒಂದು ಹೊತ್ತು ನೋಡೋಣ, ನಾಳೆ ಬೆಳಿಗ್ಗೆ ಎಲ್ಲರನ್ನೂ ತೂಗೋಣ. ಆದ್ರೆ ಹೆಚ್ಚು ಆಸೆ ಇಟ್ಕೋಬೇಡಿ ಅಮ್ಮಾ, ಅರವತ್ತೊಂಬತ್ತರಲ್ಲಿ ಒಬ್ಬರದು ಹತ್ತಿತ್ತು." ನಾನು ಎದ್ದಾಗ ಮತ್ತೆ ಕರೆದರು. "ಅವರಿಗೆ ಹೇಳ್ಬೇಡಿ. ಹೇಳಿದ್ರೆ ಹತ್ತದೇ ಇದ್ರೂ ಹೊಟ್ಟೆ ತುಂಬಿದ ಹಾಗೆ ಅನ್ನಿಸಿಬಿಡುತ್ತೆ."

ಅಂದು ಮಧ್ಯಾಹ್ನಕ್ಕೆ ಕುಂಬಳಕಾಯಿ ಹುಳಿ, ಹುರುಳಿಕಾಯಿ ಪಲ್ಯ ಮಾಡಿದ್ದೆ. ದೇವೀರಮ್ಮ ಮಣೆಯ ಮೇಲೆ ಕೂತು "ನಮ್ ವೈಜಯಂತಿ ಪುಟ್ಟಿಗೆ" ಅಂದಳು. ಬಡಿಸಿ, ಅಡುಗೆಮನೆಗೆ ಬಂದು, ಈ ಸಲ ನಿಂತುಕೊಳ್ಳದೆ ಸರಿಯಾಗಿ ತಟ್ಟೆ ಇಟ್ಟುಕೊಂಡು ಕೂತೆ. ತುತ್ತು ಹಿಡಿದೆ. ಆ ಹೆಸರನ್ನು ನಾನು ಎಷ್ಟು ತಿಂಗಳಿಂದ ಹಲ್ಲು ಕಚ್ಚಿಯೇ ಹೇಳಿದ್ದೆ. ಹಲ್ಲು ಕಚ್ಚದೆ ಹೇಳುವುದು ಹೇಗೆ ಎಂದೇ ಮರೆತಂತಾಗಿತ್ತು. "ದೇವೀರಮ್ಮನಿಗೆ" ಅಂದೆ.

ಹುಳಿಯನ್ನ ಮುಗಿಯಿತು, ಸಾರನ್ನ ಮುಗಿಯಿತು. ಮಜ್ಜಿಗೆಗೆ ಬರುವಷ್ಟರಲ್ಲಿ ಹೊಟ್ಟೆ ಕಲ್ಲಿನ ಹಾಗೆ ಭಾರವಾಗಿತ್ತು. ಹಸಿವು ಮಾತ್ರ ಬೆಳಿಗ್ಗೆ ಎದ್ದಾಗ ಇದ್ದ ಹಾಗೇ ಇತ್ತು. ನಾನು ಕೈ ನಿಲ್ಲಿಸಿದೆ. ನೀರು ಕುಡಿದು ನೋಡಿದೆ. ಇತ್ತು. ಇಪ್ಪತ್ತಾರು ದಿನ, ಆಮೇಲೆ ಮತ್ತೆ ಮೂರು ವಾರ, ಇದೇ ಹಸಿವು ಬರಲೆಂದು ಎಷ್ಟು ಕಾದಿದ್ದೆ. ಒಂಬತ್ತು ತಿಂಗಳು ಹೊತ್ತ ಮಗಳಿಗೆ ಒಂದು ಅಗುಳೂ ಹೋಗದ ನನ್ನ ಊಟ, ಊರನ್ನೆಲ್ಲ ಬಿಟ್ಟು, ಕುಪ್ಪಸ ಸುಟ್ಟವಳಿಗೆ ಮೊದಲ ಹೊತ್ತಿಗೇ ಹೋಗಿತ್ತು. ಕಣ್ಣು ತುಂಬಿ ಬಂತು. ಒಳ್ಳೆಯ ಕಾರಣಕ್ಕೋ ಕೆಟ್ಟ ಕಾರಣಕ್ಕೋ ನಾನು ವಿಚಾರಿಸಲು ಹೋಗಲಿಲ್ಲ.

ನಡುಮನೆಯಲ್ಲಿ ದೇವೀರಮ್ಮ ಕುಂಬಳಕಾಯಿಯ ಸಿಪ್ಪೆಯ ವಿಚಾರ ಹೇಳುತ್ತಿದ್ದಳು. ನಡುವೆ ಮಾತು ನಿಂತಿತು. ಆಮೇಲೆ ಒಂದು ತೇಗು ಕೇಳಿಸಿತು, ದೊಡ್ಡದು, ಬೀದಿಯವರೆಗೆ ಕೇಳುವಂಥದು.

"ಅಕ್ಕಾ." ದೇವೀರಮ್ಮ ಕೂಗಿದಳು. "ಅಕ್ಕಾ, ಒಸಿ ಬನ್ನಿ ಇಲ್ಲಿ. ನಂಗೆ ಹೊಟ್ಟೆ ತುಂಬ್ತಾ ಐತೆ. ನಾನು ಮಗಾ ಹೆಸ್ರು ಹೇಳೇ ಉಂಡಿದ್ದು, ಪುಟ್ಟಿ ಕೇಳಿಸ್ಕೊಂಡವಳೆ. ಈ ಸಲ ಮುಚ್ಚಿಡಲ್ಲ, ಈಗ್ಲೇ ಹೇಳ್ತಾ ಇವ್ನಿ..."

"ಎಲೆ ಬಿಟ್ಟು ಏಳ್ಬೇಡ ದೇವೀರಿ" ಎಂದು ಕೂತಲ್ಲಿಂದಲೇ ಹೇಳಿದೆ. "ಮಗೂದು ಮಗೂಗೇ ಹೋಗ್ತಿದೆ. ಅದು ಬೇರೆ, ಇದು ಬೇರೆ. ನೀನು ಉಣ್ಣು."

ಕರಿಬೇವು ಆಯ್ದಿಡುತ್ತಿದ್ದ ಬೆರಳು ಎಲೆಯ ಅಂಚಿನಲ್ಲೇ ನಿಂತದ್ದು ನನಗೆ ಗೋಡೆಯಾಚೆಯಿಂದಲೂ ಕಂಡ ಹಾಗಾಯಿತು. ಆಮೇಲೆ ವೈಜುವಿನ ದನಿ ಬಂತು, ನಗುವನ್ನು ತಡೆದುಕೊಂಡು, ನಿಧಾನಕ್ಕೆ.

"ಅಮ್ಮಾ, ಯಾರ ಊಟ ಆಯ್ತು?"

"ಇನ್ನೂ ಆಗಿಲ್ಲ" ಎಂದು, ಪಾತ್ರೆಯ ಮುಚ್ಚಳ ತೆಗೆದು ಇನ್ನೊಂದು ಸೌಟು ಅನ್ನ ಹಾಕಿಕೊಂಡೆ.